ಕುಸಿದ ಪುಟಕ್ಕೆ ಕರ್ಮ ಹೊಣೆಯೇ?

ಸರ್ಚ್‌ನಲ್ಲಿ ಮೊದಲ ಪುಟದಲ್ಲಿ ಕಾಣುತ್ತಿದ್ದ ಸೈಟು ಒಂದೇ ವಾರದಲ್ಲಿ ಯಾರ ಕಣ್ಣಿಗೂ ಬೀಳದಷ್ಟು ಹಿಂದಕ್ಕೆ ಸರಿದಾಗ ಅದರ ಒಡೆಯರು ನನಗೆ ಫೋನ್ ಮಾಡುತ್ತಾರೆ. ಧಾರವಾಡದಲ್ಲಿದ್ದುಕೊಂಡು ಸಣ್ಣ ವೆಬ್‌ಸೈಟುಗಳ ದೇಖರೇಖಿ ನೋಡುವುದು ನನ್ನ ಹೊಟ್ಟೆಪಾಡು. ನಿಧಾನವಾದ ಸೈಟನ್ನು ಚುರುಕು ಮಾಡುತ್ತೇನೆ, ಮುರಿದ ಲಿಂಕು ಜೋಡಿಸುತ್ತೇನೆ, ಗೂಗಲ್‌ನ ಸರ್ಚ್ ಕನ್ಸೋಲಿನ ಗ್ರಾಫ್ ನೋಡಿ ಏನಾಗಿದೆ ಎಂದು ಹೇಳುತ್ತೇನೆ. ಫೋನ್ ಮಾಡಿದವರಲ್ಲಿ ಹೆಚ್ಚಿನವರಿಗೆ ಆ ಸೈಟೇ ಅನ್ನ. ಆದರೂ ಅವರ ಬಾಯಿಂದ ಮೊದಲು ಬರುವುದು ದುಡ್ಡಿನ ಮಾತಲ್ಲ. ‘ನಾನೇನು ತಪ್ಪು ಮಾಡಿದೆ?’ ಎನ್ನುವ ಪ್ರಶ್ನೆ ಅದಕ್ಕಿಂತ ಮೊದಲು ಬರುತ್ತದೆ.

ಈ ಕೆಲಸಕ್ಕೆ ಬರುವ ಮುಂಚೆ ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವಳು. ಆ ಓದಿಗೂ ಈ ದುಡಿಮೆಗೂ ಸಂಬಂಧವಿಲ್ಲ ಎಂದು ಮನೆಯವರು ಹೇಳುವುದುಂಟು. ನನಗೆ ಹಾಗೆ ಅನ್ನಿಸಿಲ್ಲ. ಕೆಡುಕು ಬಂತೆಂದರೆ ಎಲ್ಲೋ ನಾವು ಕೆಡುಕು ಮಾಡಿರಲೇಬೇಕು ಎಂಬ ನಂಬಿಕೆ ನಮ್ಮ ರಕ್ತದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ತರಗತಿಗಿಂತ ಈ ಫೋನ್ ಕರೆಗಳಲ್ಲಿ ನನಗೆ ಚೆನ್ನಾಗಿ ತಿಳಿದಿದೆ.

ಅವರಲ್ಲೊಬ್ಬರ ವಿಷಯ ಹೇಳಬೇಕು. ಹುಬ್ಬಳ್ಳಿಯವರು, ಐಟಿಐಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ಮತ್ತೆ ವೈಂಡಿಂಗ್ ಮಾಡುವುದು ಹೇಗೆ ಎಂಬುದರ ಬಗ್ಗೆ ಒಂದು ಸೈಟು ನಡೆಸುತ್ತಾರೆ. ಎಷ್ಟು ಸ್ಲಾಟ್, ಪ್ರತಿ ಕಾಯಿಲಿಗೆ ಎಷ್ಟು ಟರ್ನ್, ಯಾವ ಗೇಜಿನ ತಂತಿ, ವಾರ್ನಿಷ್ ಹೊಡೆದ ಮೇಲೆ ಎಷ್ಟು ಹೊತ್ತು ಒಣಗಿಸಬೇಕು, ಎಲ್ಲವೂ ಅಲ್ಲಿದೆ. ಸ್ಟೇಟರಿನ ಚಿತ್ರಗಳನ್ನು ಸ್ಕೇಲು, ಕಂಪಾಸು ಹಿಡಿದು ತಾವೇ ಬರೆದು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಮೂರು ಫೇಸಿನಲ್ಲಿ ಒಂದು ಹೋದಾಗ ಮೋಟರು ಯಾಕೆ ಸುಡುತ್ತದೆ ಎಂದು ಅವರು ಬರೆದ ಪುಟವನ್ನು ಓದಿದರೆ ಮೋಟರನ್ನೇ ಮುಟ್ಟದ ನನ್ನಂಥವಳಿಗೂ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಸರಳವಾಗಿ ಬರೆದು ಚಿತ್ರಗಳ ಕೆಳಗೆ ಕನ್ನಡವನ್ನೂ ಕೊಟ್ಟಿದ್ದರಿಂದ ನವಲಗುಂದದ ಮೆಕ್ಯಾನಿಕ್ಕೂ ಓದುತ್ತಿದ್ದ, ಬಾಂಗ್ಲಾದೇಶದವನೂ ಓದುತ್ತಿದ್ದ. ಪಿಂಚಣಿಯ ಮೇಲೆ ಜಾಹೀರಾತಿನ ದುಡ್ಡು ಅಷ್ಟಿಷ್ಟು ಬರುತ್ತಿತ್ತು.

ಆ ಸೈಟು ಗೂಗಲ್ ಹುಡುಕಾಟದ ಒಂದು ಅಪ್‌ಡೇಟಿನಲ್ಲಿ ಬಿತ್ತು. ಮೇಷ್ಟ್ರ ಪುಟವಿದ್ದ ಜಾಗದಲ್ಲಿ ಒಂದು ದೊಡ್ಡ ಪೋರ್ಟಲಿನ ಬರಹ ಬಂದು ಕೂತಿತ್ತು. ಬರೆದವರು ಒಂದು ಕಾಯಿಲನ್ನಾದರೂ ಕೈಯಲ್ಲಿ ಹಿಡಿದಂತೆ ಕಾಣಲಿಲ್ಲ. ಮೇಷ್ಟ್ರು ನನಗೆ ಹೇಳಿದ್ದು: “ತಂಗಿ, ನಾ ಎಲ್ಲಿ ತಪ್ಪೀನಿ ಹೇಳು. ಯಾವ ಪುಟದಾಗ ಏನ್ ತಪ್ಪೈತಿ ತೋರಸು, ತಿದ್ಕೋತೀನಿ.” ನಾನು ಪುಟಪುಟವನ್ನೂ ನೋಡಿದೆ. ತಿದ್ದುವಂಥದ್ದು ಏನೂ ಸಿಗಲಿಲ್ಲ. ಹಾಗೆಂದು ತಿಳಿಸಿದಾಗ ಅವರಿಗೆ ಸಮಾಧಾನವಾಗಲಿಲ್ಲ, ಇನ್ನೂ ಕಳವಳವಾಯಿತು. “ಹಂಗಾರ ಹಿಂದ್ಲ ಜನ್ಮದ್ದು ಏನರ ಇರಬೇಕು” ಅಂದರು. ಅವರು ಅದನ್ನು ಚೇಷ್ಟೆಗೆ ಅಂದದ್ದಲ್ಲ.

ಈ ಕ್ಷೇತ್ರದಲ್ಲಿ ಶಿಕ್ಷೆ ಬೇರೆ, ಕುಸಿತ ಬೇರೆ. ಗೂಗಲ್ಲಿನಲ್ಲಿ ಮ್ಯಾನುಯಲ್ ಆಕ್ಷನ್ ಎಂಬುದೊಂದಿದೆ. ಅಲ್ಲಿ ಒಬ್ಬ ಮನುಷ್ಯ ನಿಮ್ಮ ಸೈಟು ನೋಡಿರುತ್ತಾನೆ. ನೀವು ಮುರಿದ ನಿಯಮ ಯಾವುದು ಎಂದು ಸರ್ಚ್ ಕನ್ಸೋಲಿನಲ್ಲಿ ನೋಟಿಸು ಬರುತ್ತದೆ. ತಿದ್ದಿಕೊಂಡು ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಇದು ಶಿಕ್ಷೆ. ಶ್ರೇಯಾಂಕದ ಲೆಕ್ಕಾಚಾರವನ್ನೇ ಒಟ್ಟಾಗಿ ಬದಲಿಸುವ ಕೋರ್ ಅಪ್‌ಡೇಟಿನಲ್ಲಿ ಬಿದ್ದವರಿಗೆ ಆರೋಪಪಟ್ಟಿ ಇರುವುದಿಲ್ಲ, ಅರ್ಜಿ ಹಾಕುವ ಕಿಟಕಿಯೂ ಇರುವುದಿಲ್ಲ. 2018ರಲ್ಲಿ ಗೂಗಲ್ ಕಂಪನಿಯೇ ಇದನ್ನು ಬಾಯಿಬಿಟ್ಟು ಹೇಳಿತು: ಹೀಗೆ ಕೆಳಗಿಳಿದ ಪುಟಗಳಲ್ಲಿ ದೋಷವಿರಬೇಕೆಂದೇನಿಲ್ಲ, ಒಳ್ಳೆಯದನ್ನು ಬರೆಯುತ್ತ ಹೋಗುವುದರ ಹೊರತು ಬೇರೆ ಪರಿಹಾರವಿಲ್ಲ. ಮರುವರ್ಷ ಒಂದು ಉದಾಹರಣೆಯನ್ನೂ ಕೊಟ್ಟಿತು. ನೀವು 2015ರಲ್ಲಿ ಅತ್ಯುತ್ತಮ ಸಿನಿಮಾಗಳ ಪಟ್ಟಿ ಮಾಡಿದ್ದೀರಿ, 2019ರಲ್ಲಿ ಮತ್ತೆ ಮಾಡುತ್ತೀರಿ, ಕೆಲವು ಸಿನಿಮಾಗಳು ಕೆಳಗೆ ಹೋಗುತ್ತವೆ. ಅವೇನೂ ಕೆಟ್ಟ ಸಿನಿಮಾಗಳಾಗಲಿಲ್ಲ.

ಕೆಲವು ಕುಸಿತಗಳಿಗೆ ಕಾರಣ ನಿಜಕ್ಕೂ ಇರುತ್ತದೆ, ಅದನ್ನು ಮುಚ್ಚಿಡುವುದು ಅನ್ಯಾಯ. 2011ರ ಫೆಬ್ರವರಿಯಲ್ಲಿ ಬಂದ ಪಾಂಡಾ ಅಪ್‌ಡೇಟು ಅಮೆರಿಕದ ಹುಡುಕಾಟಗಳಲ್ಲಿ ಸುಮಾರು 12 ಶೇಕಡಾವನ್ನು ಅಲ್ಲಾಡಿಸಿತು. ಕೂಲಿಗೆ ಜೊಳ್ಳು ಬರೆಸಿ ರಾಶಿ ಹಾಕುತ್ತಿದ್ದ ಸೈಟುಗಳ ಮೇಲೆ ಅದರ ಕಣ್ಣಿತ್ತು. 2012ರ ಏಪ್ರಿಲಿನ ಪೆಂಗ್ವಿನ್ ದುಡ್ಡು ಕೊಟ್ಟು ಲಿಂಕು ಕೊಂಡವರನ್ನು ಹಿಡಿಯಿತು. ಲಿಂಕು ಕೊಂಡವನಿಗೆ ತಾನು ಕೊಂಡದ್ದು ಗೊತ್ತಿತ್ತು. ಮಾಡಿದ್ದಕ್ಕೂ ಉಂಡದ್ದಕ್ಕೂ ಅಲ್ಲಿ ನಂಟು ಕಾಣುತ್ತದೆ. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ, ಬೇಡದ ಲಿಂಕುಗಳನ್ನು ನನ್ನದಲ್ಲವೆಂದು ತಳ್ಳಿಹಾಕುವ ಡಿಸ್‌ಅವೋ ಸಾಧನ ಬಂದಾಗ, ಒಂದು ಲಿಂಕನ್ನೂ ಕೊಳ್ಳದವರು ಕೂಡ ಹೆದರಿ ತಮ್ಮ ಸೈಟಿಗೆ ಇದ್ದ ಒಳ್ಳೆಯ ಲಿಂಕುಗಳನ್ನೇ ಪಟ್ಟಿ ಮಾಡಿ ಕಳಿಸಿಬಿಟ್ಟರು. ಪಾಪ ಯಾವುದೆಂದು ತಿಳಿಯದೆ ಮಾಡಿಕೊಂಡ ಪ್ರಾಯಶ್ಚಿತ್ತ ಅದು. ನನ್ನ ದುಗುಡವಿರುವುದು ಇಂಥವರ ಬಗ್ಗೆ.

ಕರ್ಮ ಎಂಬ ಮಾತನ್ನು ಮೇಷ್ಟ್ರು ಆಡಿದಾಗ ನನಗೆ ನೆನಪಾದದ್ದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ವೈಷಮ್ಯ–ನೈರ್ಘೃಣ್ಯದ ಚರ್ಚೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಹಂಚುವ ಈಶ್ವರ ಪಕ್ಷಪಾತಿಯಲ್ಲವೇ, ನಿರ್ದಯನಲ್ಲವೇ ಎಂಬುದು ಅಲ್ಲಿಯ ಆಕ್ಷೇಪ. ಈಶ್ವರ ತನ್ನ ಮನಬಂದಂತೆ ಹಂಚುವುದಿಲ್ಲ, ಜೀವಿಗಳ ಧರ್ಮಾಧರ್ಮಗಳನ್ನು ನೋಡಿ ಹಂಚುತ್ತಾನೆ ಎಂಬುದು ಶಂಕರರ ಭಾಷ್ಯದ ಉತ್ತರ. ಮಳೆ ಎಲ್ಲ ಹೊಲಕ್ಕೂ ಒಂದೇ, ಭತ್ತ ಬೆಳೆಯುವುದೋ ಜವೆಗೋಧಿ ಬೆಳೆಯುವುದೋ ಆಯಾ ಬೀಜಕ್ಕೆ ಬಿಟ್ಟದ್ದು ಎಂದು ಅವರು ದೃಷ್ಟಾಂತ ಕೊಡುತ್ತಾರೆ.

ಈ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ, ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಅದು ಎಷ್ಟು ಬಿಗಿಯಾದ ಉತ್ತರ ಎಂಬುದನ್ನು ಗಮನಿಸಬೇಕು. ಕರ್ಮ ಎಂದು ಹೇಳುವ ಹಕ್ಕು ಬರಬೇಕಾದರೆ ಎರಡು ಸಂಗತಿ ಇರಲೇಬೇಕು. ಬೀಜಕ್ಕೂ ಬೆಳೆಗೂ ತಪ್ಪದ ನಂಟು ಇರಬೇಕು. ಹಂಚುವವನಿಗೆ ಬೀಜ ಯಾವುದೆಂದು ಪೂರ್ತಿ ತಿಳಿದಿರಬೇಕು. ಮಧ್ವಮತದಲ್ಲಿ ತಾರತಮ್ಯವೇ ಒಂದು ಮುಖ್ಯ ಸಿದ್ಧಾಂತ. ದೇವತೆಗಳಿಂದ ಹಿಡಿದು ಸಾಮಾನ್ಯ ಜೀವರ ತನಕ ಮೇಲು ಕೆಳಗಿನ ಸಾಲು ಅಲ್ಲಿದೆ. ಆದರೆ ಅಲ್ಲಿಯೂ ಸಾಲು ನಿಂತಿರುವುದು ಪ್ರತಿಯೊಂದು ಜೀವದ ಸ್ವರೂಪವನ್ನು ಒಳಹೊಕ್ಕು ಬಲ್ಲ ಸರ್ವಜ್ಞನೊಬ್ಬನ ಮೇಲೆ. ಸರ್ವಜ್ಞತ್ವವನ್ನು ತೆಗೆದುಬಿಟ್ಟರೆ ತಾರತಮ್ಯಕ್ಕೆ ಅರ್ಥವೇ ಉಳಿಯುವುದಿಲ್ಲ.

ಸರ್ಚ್ ಎಂಜಿನ್ನಿಗೆ ಮೇಷ್ಟ್ರ ಸ್ವರೂಪ ಗೊತ್ತಿಲ್ಲ. ಅವರು ಹೇಳಿದಷ್ಟು ಟರ್ನ್ ಸುತ್ತಿದರೆ ಮೋಟರು ಓಡುತ್ತದೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಅದಕ್ಕೆ ಮೋಟರಿಲ್ಲ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ ಸ್ಟ್ಯಾನ್‌ಫರ್ಡಿನಲ್ಲಿ ಬರೆದ ಪ್ರಬಂಧದಿಂದ ಇಂದಿನವರೆಗೆ ಅದು ಮಾಡುತ್ತ ಬಂದಿರುವುದು ಅನುಮಾನವನ್ನು. ಯಾರು ಯಾರಿಗೆ ಲಿಂಕು ಕೊಟ್ಟಿದ್ದಾರೆ, ಯಾವ ಪದಗಳು ಎಲ್ಲಿವೆ ಎಂಬ ಗುರುತುಗಳನ್ನು ನೋಡಿ, ಈ ಪುಟ ಪ್ರಯೋಜನಕ್ಕೆ ಬರಬಹುದು ಎಂದು ಊಹಿಸುತ್ತದೆ. ಅದ್ಭುತವಾದ ಊಹೆ ಅದು. ಅದಿಲ್ಲದಿದ್ದರೆ ಹುಬ್ಬಳ್ಳಿಯ ಮೇಷ್ಟ್ರು ಬಾಂಗ್ಲಾದೇಶದ ಮೆಕ್ಯಾನಿಕ್ಕನಿಗೆ ಎಂದೂ ಸಿಗುತ್ತಿರಲಿಲ್ಲ. ಆದರೂ ಊಹೆಯೇ. ಹೊಗೆ ನೋಡಿ ಬೆಂಕಿ ಇದೆ ಎನ್ನಬಹುದು, ಮಂಜನ್ನು ಹೊಗೆಯೆಂದು ತಿಳಿದು ಬೆಂಕಿ ಇದೆ ಎಂದರೆ ಅದು ತಪ್ಪು ಎಂದು ನಮ್ಮ ತರ್ಕಶಾಸ್ತ್ರದವರು ಶತಮಾನಗಳ ಹಿಂದೆಯೇ ಹೇಳಿದ್ದಾರೆ.

ಶ್ರೇಯಾಂಕ ಸತ್ಯದ ತೀರ್ಪಲ್ಲ ಎಂಬುದನ್ನು ಕೋರ್ಟೇ ಒಪ್ಪಿಕೊಂಡಿದೆ. ಸರ್ಚ್‌ಕಿಂಗ್ ಎಂಬ ಕಂಪನಿ ತನ್ನ ಪೇಜ್‌ರ್‍ಯಾಂಕನ್ನು ಗೂಗಲ್ ಬೇಕೆಂದೇ ಇಳಿಸಿತೆಂದು ಒಕ್ಲಹೋಮಾದ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಶ್ರೇಯಾಂಕ ಎಂಬುದು ಒಂದು ಅಭಿಪ್ರಾಯ, ಸುಳ್ಳೋ ನಿಜವೋ ಎಂದು ಸಾಬೀತು ಮಾಡುವಂಥದ್ದಲ್ಲ, ಅದಕ್ಕೆ ವಾಕ್‌ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು 2003ರಲ್ಲಿ ತೀರ್ಪು ಬಂತು. ಕಿಂಡರ್‌ಸ್ಟಾರ್ಟ್ ಎಂಬುದು ಚಿಕ್ಕ ಮಕ್ಕಳ ತಂದೆತಾಯಿಗಳಿಗಾಗಿ ಕ್ಯಾಲಿಫೋರ್ನಿಯಾದಲ್ಲಿದ್ದ ಸೈಟು. ಓದುಗರು 70 ಶೇಕಡಾ ಕಡಿಮೆಯಾದರೆಂದು 2006ರಲ್ಲಿ ಮೊಕದ್ದಮೆ ಹೂಡಿತು, ಮರುವರ್ಷ ಅದೂ ವಜಾ ಆಯಿತು. ಸೈಟು ನಡೆಸುವವರು ಈ ತೀರ್ಪುಗಳನ್ನು ತಮ್ಮ ಸೋಲೆಂದು ನೋಡುತ್ತಾರೆ. ಕಾನೂನಿನ ಮಟ್ಟಿಗೆ ಅದು ಸೋಲೇ. ತತ್ತ್ವದ ಮಟ್ಟಿಗೆ ನನಗೆ ಅದರಲ್ಲೊಂದು ಬಿಡುಗಡೆ ಕಾಣುತ್ತದೆ. ನಿಮ್ಮ ಸ್ಥಾನ ನಿಮ್ಮ ಬಗ್ಗೆ ಒಂದು ಕಂಪನಿಯ ಅಭಿಪ್ರಾಯ ಎಂದು ನ್ಯಾಯಾಧೀಶರೇ ಬರೆದಿಟ್ಟ ಮೇಲೆ ಅದನ್ನು ವಿಧಿಯ ಬರಹವೆಂದು ಹಣೆಗೆ ಹಚ್ಚಿಕೊಳ್ಳುವುದೇಕೆ?

ನಾವು ಹಚ್ಚಿಕೊಳ್ಳುತ್ತಿದ್ದೇವೆ. ಅಪ್‌ಡೇಟು ಬಂತೆಂದರೆ ಬರಹ ಕೊರೆದು ಚಿಕ್ಕದು ಮಾಡಬೇಕು ಎಂದೊಬ್ಬರು, ದೊಡ್ಡದು ಮಾಡಬೇಕು ಎಂದಿನ್ನೊಬ್ಬರು, ಹಳೆಯ ಪುಟಗಳ ತಾರೀಖು ಬದಲಿಸಿದರೆ ಒಲಿಯುತ್ತದೆ ಎಂದು ಮತ್ತೊಬ್ಬರು. ಇವೆಲ್ಲ ವ್ರತಗಳು. ವ್ರತದ ಬಗ್ಗೆ ನನಗೆ ಗೌರವವಿದೆ. ನನ್ನ ತಾಯಿ ಶ್ರಾವಣ ಪೂರ್ತಿ ಒಪ್ಪತ್ತು ಮಾಡುತ್ತಾರೆ, ಯಾರಿಗೆ ಮಾಡುತ್ತಿದ್ದೇನೆ ಎಂಬುದು ಅವರಿಗೆ ತಿಳಿದಿದೆ. ಕಂಪನಿಯೊಂದರ ಲೆಕ್ಕಾಚಾರದ ಮುಂದೆ ಅದೇ ಭಯಭಕ್ತಿ ತೋರುವುದರಲ್ಲಿ ಒಂದು ಅಪಾಯವಿದೆ. ದೇವರನ್ನು ಕಾರಣ ಕೇಳುವವರು ಕಡಿಮೆ. ಒಂದು ವ್ಯವಸ್ಥೆಯನ್ನು ದೇವರ ಜಾಗದಲ್ಲಿ ಕೂರಿಸಿದ ಕೂಡಲೇ ಅದನ್ನು ಕಾರಣ ಕೇಳುವ ಅಭ್ಯಾಸವೇ ನಮ್ಮಿಂದ ಹೋಗಿಬಿಡುತ್ತದೆ. ಕರ್ಮ ಎಂದು ಸುಮ್ಮನಾದವರು ಮಾಡದ ತಪ್ಪಿಗೆ ತಮ್ಮನ್ನು ಹಳಿದುಕೊಳ್ಳುತ್ತಾರೆ, ಜೊತೆಗೆ ಕರ್ಮವೆಂಬ ಆ ಗಂಭೀರ ವಿಚಾರವನ್ನೂ ಹಗುರ ಮಾಡುತ್ತಾರೆ.

ಫಲದ ಆಸೆ ಬಿಟ್ಟು ದುಡಿಯಿರಿ ಎಂಬ ಉಪದೇಶವೂ ಈ ಹೊತ್ತಿನಲ್ಲಿ ಧಾರಾಳವಾಗಿ ಸಿಗುತ್ತದೆ. ತಿಂಗಳ ಕೊನೆಗೆ ಪಗಾರ ತಪ್ಪದವರು ಇದನ್ನು ಪಗಾರ ತಪ್ಪಿದವರಿಗೆ ಹೇಳುವುದು ನನಗೆ ಸರಿಕಾಣುವುದಿಲ್ಲ. ಅರ್ಜುನನಿಗೆ ಆ ಉಪದೇಶ ಮಾಡಿದವನು ಅವನ ರಥದ ಮೇಲೇ ಕೂತಿದ್ದ, ಅವನ ಜೊತೆ ಬಾಣಗಳ ನಡುವೆ ಹೋದ. ಜೊತೆಗೆ ಹೋಗುವವರು ಹೇಳಿದರೆ ಆ ಮಾತಿಗೆ ತೂಕ ಬೇರೆ.

ಮೇಷ್ಟ್ರಿಗೆ ನಾನು ಹೇಳಿದ್ದು ನುಲಿಯ ಚಂದಯ್ಯನ ವಿಷಯ. ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು, ಆದರೆ ಈ ಬದಿಯಿಂದ ನೋಡಿರಲಿಲ್ಲ. ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗ ಅದು. ಚಂದಯ್ಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಶರಣ. ಒಂದು ದಿನ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಕೆಳಗೆ ಬಿತ್ತು. ವೀರಶೈವರಲ್ಲಿ ಇಷ್ಟಲಿಂಗ ಮೈಯಿಂದ ಬೇರೆಯಾಗುವುದೆಂದರೆ ಎಂಥ ಅನಾಹುತ ಎಂಬುದು ಆ ಪರಂಪರೆ ಬಲ್ಲವರಿಗೆ ಗೊತ್ತು. ತಾನೇನು ಪಾಪ ಮಾಡಿದೆ ಎಂದು ಯಾವ ಭಕ್ತನಾದರೂ ಅಳುವ ಗಳಿಗೆ ಅದು. ಚಂದಯ್ಯ ಅಳಲಿಲ್ಲ. ಬಿದ್ದ ಲಿಂಗವನ್ನು ಎತ್ತಿಕೊಳ್ಳಲೂ ಇಲ್ಲ, ಹುಲ್ಲಿನ ಹೊರೆ ಹೊತ್ತು ಹೊರಟುಬಿಟ್ಟ. ಲಿಂಗವೇ ಅವನ ಬೆನ್ನು ಹತ್ತಿತು, ಮಡಿವಾಳ ಮಾಚಯ್ಯ ನಡುವೆ ಬಂದು ಸಂಧಾನ ಮಾಡಬೇಕಾಯಿತು.

“ಅಂವಾ ತಪ್ಪು ಹುಡುಕ್ಲೇ ಇಲ್ಲ ನೋಡು” ಅಂದರು ಮೇಷ್ಟ್ರು, ಸ್ವಲ್ಪ ಹೊತ್ತು ಬಿಟ್ಟು.

ಹೌದು, ಹುಡುಕಲಿಲ್ಲ. ತಾನು ಹೊಸೆದ ಹಗ್ಗ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದು ಅವನಿಗೆ ಕೈಯಿಂದಲೇ ತಿಳಿದಿತ್ತು. ಹಗ್ಗ ಜಾಳಾಗಿದ್ದರೆ ಅದು ತಪ್ಪು, ಅದನ್ನು ಬಿಚ್ಚಿ ಮತ್ತೆ ಹೊಸೆಯಬೇಕು. ಲಿಂಗ ಬಿದ್ದದ್ದು ಹಗ್ಗದ ತಪ್ಪಲ್ಲ. ನನ್ನ ಮಟ್ಟಿಗೆ ಈ ಕತೆ ಫಲಕ್ಕೆ ಬೆನ್ನು ತಿರುಗಿಸುವ ವೈರಾಗ್ಯದ್ದಲ್ಲ. ಚಂದಯ್ಯ ಹಗ್ಗವನ್ನು ಪುಕ್ಕಟೆ ಕೊಡಲಿಲ್ಲ, ಮಾರುತ್ತಿದ್ದ, ಬೆಲೆ ಕೇಳುತ್ತಿದ್ದ. ಕತೆ ಮುಂದುವರಿದಾಗ ಲಿಂಗವೇ ಹಗ್ಗ ಮಾರಲು ಬಸವಣ್ಣನ ಬಳಿ ಹೋಗುತ್ತದೆ, ಬಸವಣ್ಣ ಸಾವಿರ ಹೊನ್ನು ಕೊಡುತ್ತಾನೆ. ಹಗ್ಗದ ಬೆಲೆ ಅಷ್ಟಲ್ಲ ಎಂದು ಚಂದಯ್ಯ ಒಪ್ಪುವುದಿಲ್ಲ. ದುಡಿಮೆಯ ಬೆಲೆಗೆ ಅಳತೆ ಇದೆ, ಆ ಅಳತೆ ಕೊಡುವವನ ಒಲವಿನಲ್ಲೂ ಇಲ್ಲ, ಮುನಿಸಿನಲ್ಲೂ ಇಲ್ಲ.

ಇಲ್ಲಿಗೇ ಸಮಾಧಾನ ಮಾಡಿಕೊಂಡರೆ ಅರ್ಧ ಮಾತಾಗುತ್ತದೆ. ಕಾಯಕ ಸರಿಯಿದೆ ಎಂದು ತಿಳಿದ ಮೇಲೆ ಅನ್ಯಾಯವನ್ನು ಅನ್ಯಾಯವೆಂದು ಹೇಳುವ ಹೊಣೆಯೂ ಬರುತ್ತದೆ. ಹೌಸ್‌ಫ್ರೆಶ್ ಎಂಬ ಸಣ್ಣ ಸೈಟಿನವರು ಗಾಳಿ ಶುದ್ಧಮಾಡುವ ಯಂತ್ರಗಳನ್ನು ಪರೀಕ್ಷೆ ಮಾಡಿ ಬರೆಯುತ್ತಾರೆ. ಕೋಣೆಯಲ್ಲಿ ಊದಿನಕಡ್ಡಿ ಹಚ್ಚಿ, ಆ ಹೊಗೆ ತೆಗೆಯಲು ಯಂತ್ರಕ್ಕೆ ಎಷ್ಟು ನಿಮಿಷ ಬೇಕು ಎಂದು ಅಳೆಯುವುದು ಅವರ ಕ್ರಮ. 2024ರ ಫೆಬ್ರವರಿಯಲ್ಲಿ ಅದರ ಸಂಪಾದಕಿ ಗಿಸೆಲ್ ನವಾರೊ, ಯಂತ್ರಗಳನ್ನು ಸರಿಯಾಗಿ ಪರೀಕ್ಷಿಸದ ದೊಡ್ಡ ಪತ್ರಿಕಾ ಸಂಸ್ಥೆಗಳ ಪಟ್ಟಿಗಳು ತಮ್ಮಂಥವರನ್ನು ಹೇಗೆ ಕೆಳಗೆ ತಳ್ಳುತ್ತಿವೆ ಎಂದು ಹೆಸರು ಸಹಿತ, ಪುರಾವೆ ಸಹಿತ ಬರೆದರು. ಹುಡುಕಾಟದಿಂದ ಬರುತ್ತಿದ್ದ ಓದುಗರಲ್ಲಿ 91 ಶೇಕಡಾ ಹೋಯಿತೆಂದು ಆ ಸೈಟು ಅದೇ ವರ್ಷ ಹೇಳಿತು. ಅವರೂ ಎಲ್ಲರಂತೆ ತಮ್ಮ ಕೆಲಸವನ್ನು ಮೊದಲು ಸೋಸಿ ನೋಡಿರಬೇಕು. ಆಮೇಲೆ ತಲೆತಗ್ಗಿಸಿ ಕೂರಲಿಲ್ಲ.

ಇಂಗ್ಲೆಂಡಿನ ಆಡಮ್ ರಾಫ್ ಮತ್ತು ಶಿವಾನ್ ರಾಫ್ ದಂಪತಿಯದು ಇನ್ನೂ ದೊಡ್ಡ ಕತೆ. ಬೆಲೆ ಹೋಲಿಸುವ ಅವರ ಫೌಂಡೆಮ್ ಸೈಟು 2006ರಲ್ಲಿ, ಶುರುವಾದ ಹೊಸತರಲ್ಲೇ, ಗೂಗಲ್ ಹುಡುಕಾಟದಲ್ಲಿ ಪಾತಾಳಕ್ಕೆ ಇಳಿಯಿತು. ಮೊದಲಿಗೆ ಅವರಿಗೂ ಇದು ತಾಂತ್ರಿಕ ದೋಷವೆನ್ನಿಸಿತ್ತು. ಬೇರೆ ಸರ್ಚ್ ಎಂಜಿನ್ನುಗಳಲ್ಲಿ ಅದೇ ಸೈಟು ಚೆನ್ನಾಗಿ ಕಾಣುತ್ತಿತ್ತು. 2009ರಲ್ಲಿ ಯುರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟರು. ಗೂಗಲ್ ತನ್ನದೇ ಬೆಲೆಹೋಲಿಕೆ ಸೇವೆಯನ್ನು ಮೇಲೆ ತೋರಿಸಿ ಎದುರಾಳಿಗಳನ್ನು ಕೆಳಗಿಳಿಸಿತು ಎಂದು ಕಮಿಷನ್ 2017ರ ಜೂನಿನಲ್ಲಿ ನಿರ್ಣಯಿಸಿ 242 ಕೋಟಿ ಯೂರೋ ದಂಡ ಹಾಕಿತು. 2024ರ ಸೆಪ್ಟೆಂಬರಿನಲ್ಲಿ ಯುರೋಪಿನ ಅತ್ಯುಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಫೌಂಡೆಮ್ ಮುಚ್ಚಿ ವರ್ಷಗಳೇ ಆಗಿದ್ದವು. ಆ ದಂಪತಿ ಇದು ತಮ್ಮ ಹಣೆಬರಹ ಎಂದುಕೊಂಡಿದ್ದರೆ ಒಂದು ಊಹೆಯೊಳಗೆ ಸ್ವಾರ್ಥ ಹೇಗೆ ಸೇರಿಕೊಳ್ಳಬಹುದು ಎಂಬುದು ಜಗತ್ತಿಗೆ ತಿಳಿಯುವುದು ಇನ್ನೆಷ್ಟು ತಡವಾಗುತ್ತಿತ್ತೋ.

ಹುಬ್ಬಳ್ಳಿಯ ಮೇಷ್ಟ್ರು ಕೋರ್ಟಿಗೆ ಹೋಗುವವರಲ್ಲ. ಅವರು ಒಂದು ನೋಟ್‌ಬುಕ್ ಇಟ್ಟರು, ಐಟಿಐ ವರ್ಕ್‌ಶಾಪಿನಲ್ಲಿ ಇಡುತ್ತಿದ್ದಂಥದ್ದೇ. ಒಂದು ಕಾಲಮಿನಲ್ಲಿ ತಾರೀಖು, ಇನ್ನೊಂದರಲ್ಲಿ ತಾವು ಪುಟದಲ್ಲಿ ಮಾಡಿದ ಬದಲಾವಣೆ, ಮೂರನೆಯದರಲ್ಲಿ ಸರ್ಚ್‌ನಲ್ಲಿ ಆದ ಏರಿಳಿತ. ಓದುಗನೊಬ್ಬ ಸಿಂಗಲ್ ಫೇಸ್ ಪ್ರಿವೆಂಟರ್ ಬಗ್ಗೆ ಕೇಳಿದ್ದಕ್ಕೆ ಹೊಸ ಪುಟವೊಂದನ್ನು ಬರೆದರು, ಮಿಕ್ಕಂತೆ ಚಿತ್ರಗಳನ್ನು ಇನ್ನಷ್ಟು ಸ್ಫುಟ ಮಾಡಿದರು. ಮುಂದೊಂದು ಅಪ್‌ಡೇಟಿನಲ್ಲಿ ಸೈಟು ಅರ್ಧದಷ್ಟು ಮೇಲೆ ಬಂತು. ಆಗಲೂ ಫೋನ್ ಮಾಡಿದರು. “ಈಗೇನ್ ಪುಣ್ಯಾ ಮಾಡೇನಿ ತಂಗಿ?” ಇಷ್ಟು ವರ್ಷದಲ್ಲಿ ಮೇಲೇರಿದಾಗ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಇಬ್ಬರೂ ನೋಟ್‌ಬುಕ್ ತೆಗೆದು ನೋಡಿದೆವು. ಎರಡನೆಯ ಕಾಲಮಿಗೂ ಮೂರನೆಯದಕ್ಕೂ ಹೊಂದಿಕೆ ಕಾಣಲಿಲ್ಲ.

ಈಗ ನನ್ನ ಉಳಿದ ಸೈಟುಗಳ ಒಡೆಯರಿಗೂ ಹಾಗೇ ಬರೆದಿಡಲು ಹೇಳುತ್ತಿದ್ದೇನೆ. ಮೊದಲಿಗೆ ಅವರವರ ಹಗ್ಗವನ್ನು ಅವರವರೇ ಎಳೆದು ನೋಡಲು ಅದು ಬೇಕು. ಜೊತೆಗೆ ಸಣ್ಣ ಸೈಟುಗಳ ಕುಸಿತಕ್ಕೆ ಕಾರಣ ಕೊಡಿ ಎಂದು ಕೇಳುವ ಕಟ್ಟೆಯೊಂದು ನಮ್ಮ ದೇಶದಲ್ಲೂ ಒಂದು ದಿನ ಆಗಬಹುದು. ಅಲ್ಲಿಗೆ ಹೋಗುವಾಗ ಕಣ್ಣೀರಿಗಿಂತ ಇಂಥ ಮೂರು ಕಾಲಮಿನ ದಾಖಲೆ ಕೆಲಸಕ್ಕೆ ಬರುತ್ತದೆ.